ತೆಂಗಿನ ಮರಕ್ಕೆ ಜಾರಿಯಾದ ನೋಟೀಸು

ಕೋರ್ಟಿನ ನೋಟೀಸು ಮುಟ್ಟಿಸುವ ಅಮೀನನ ವರದಿಯಲ್ಲಿ ಇದ್ದದ್ದು ಹೀಗೆ: ತಾಯಿಯ ಮನೆ ಸಿಗಲಿಲ್ಲ, ವಿಚಾರಿಸಲಾಗಿ ಮನೆಯೇ ಇಲ್ಲವೆಂದು ತಿಳಿದುಬಂತು, ಆದ್ದರಿಂದ ಆಕೆ ಕಡೆಯದಾಗಿ ತಂಗಿದ್ದ ತೋಟದಲ್ಲಿ, ಪಂಪ್‌ಹೌಸಿಗೆ ಮೂಡಲಿರುವ ತೆಂಗಿನ ಮರಕ್ಕೆ, ಇಬ್ಬರು ಪಂಚರ ಸಮಕ್ಷಮ ನೋಟೀಸು ಅಂಟಿಸಿ ಜಾರಿ ಮಾಡಲಾಗಿದೆ.

ಮಾತುಗಳು ಇವೇ ಎಂದು ಪ್ರಮಾಣ ಮಾಡಲಾರೆ. ನಕಲು ಇಟ್ಟುಕೊಂಡಿಲ್ಲ. ವರ್ಷಗಳು ಕಳೆದಂತೆ ನನ್ನ ನೆನಪು ಕಚೇರಿಯ ಭಾಷೆಯನ್ನು ಕಚೇರಿಗಿಂತ ಚೆನ್ನಾಗಿ ಬರೆಯತೊಡಗಿದೆ. ಹಾಗಾದಾಗ ನಾನು ಅದನ್ನು ಅನುಮಾನಿಸುತ್ತೇನೆ. ಆದರೆ ಮರದ ವಿಷಯ ನಿಜ. ಮರವನ್ನು ನೋಡಿದ್ದೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಬೆಂಗಳೂರಿನ ಒಂದು ಕಾನೂನು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಬಡವರ ಮಕ್ಕಳನ್ನು ಯಾವ ಕಾರಣಗಳಿಗೆ ಹೆತ್ತವರಿಂದ ಬಿಡಿಸಿ ಸರ್ಕಾರದ ಬಾಲಮಂದಿರಗಳಿಗೆ ಸೇರಿಸಲಾಗುತ್ತಿದೆ ಎಂಬುದರ ಮೇಲೆ ಒಂದು ನೀತಿ ಟಿಪ್ಪಣಿ ಬರೆದುಕೊಡಿ ಎಂದು ಇಲಾಖೆ ಕೇಳಿತ್ತು. ಮಕ್ಕಳ ಕಾಯ್ದೆಯಲ್ಲಿ ‘ಉಪೇಕ್ಷಿತ ಮಗು’ ಎಂಬ ಮಾತಿಗೆ ವ್ಯಾಖ್ಯೆ ಇತ್ತು. ಭಿಕ್ಷೆ ಬೇಡುವ ಮಗು, ಅನಾಥ ಮಗು, ಮತ್ತೆ ಸ್ಥಿರವಾದ ವಾಸಸ್ಥಳವಿಲ್ಲದ ಮಗು. ಈ ಕಡೆಯ ತುಂಡು ಹಳ್ಳಿಗಳ ಕಡೆ ಹೇಗೆ ಬಳಕೆಯಾಗುತ್ತಿದೆ ಎಂದು ನೋಡುವುದು ನನ್ನ ಕೆಲಸ. ಅದಕ್ಕಾಗಿ ಒಂದು ಮಕ್ಕಳ ನ್ಯಾಯಾಲಯದ ಕಡತಗಳನ್ನು ಓದಲು ಅನುಮತಿ ಕೊಟ್ಟಿದ್ದರು. ನಿಬಂಧನೆ ಒಂದೇ: ಓದಬಹುದು, ನಡೆಯುತ್ತಿರುವ ಪ್ರಕರಣದಲ್ಲಿ ಕೈಹಾಕಬಾರದು. ಆ ನ್ಯಾಯಾಲಯ ಯಾವ ಊರಿನಲ್ಲಿತ್ತು ಎಂದು ಬರೆಯುವುದಿಲ್ಲ.

ಕಡತ ತಂದುಕೊಟ್ಟ ಗುಮಾಸ್ತ ಅಮೀನನ ವರದಿಯ ಮೇಲೆ ಬೆರಳಿಟ್ಟು, “ಮೇಡಂ, ಇದನ್ನ ಓದಿ, ನಿಮ್ಮ ಹುಡುಗರಿಗೆ ಕ್ಲಾಸಲ್ಲಿ ಹೇಳೋಕಾಗುತ್ತೆ” ಎಂದು ನಕ್ಕ. ನಾನೂ ನಕ್ಕಿರಬೇಕು. ಬಾಗಿಲಿಗೆ ಅಂಟಿಸಿದರೆ ನೋಟೀಸು ಜಾರಿಯಾದಂತೆ. ಬಾಗಿಲಿಲ್ಲದಿದ್ದರೆ ಏನು ಮಾಡಬೇಕೆಂದು ಅಮೀನನಿಗೆ ಯಾರೂ ಕಲಿಸಿರಲಿಲ್ಲ. ನನಗೂ ಕಲಿಸಿರಲಿಲ್ಲ.

ಉಳಿದ ಹಾಳೆಗಳಲ್ಲಿದ್ದ ಸಂಗತಿ ಚಿಕ್ಕದು. ತಿಪಟೂರಿನಿಂದ ಬಿಳಿಗೆರೆ ಕಡೆ ಹೋಗುತ್ತಿದ್ದ, ಆ ನ್ಯಾಯಾಲಯದ ಪ್ರೊಬೇಷನ್ ಅಧಿಕಾರಿ ನೀರು ಕುಡಿಯಲೆಂದು ಒಂದು ತೋಟಕ್ಕೆ ಇಳಿದಿದ್ದಾರೆ. ಅಲ್ಲಿ ನಾಲ್ಕೈದು ವರ್ಷದ್ದಿರಬಹುದಾದ ಒಂದು ಹೆಣ್ಣುಮಗು. ಸೊಂಟಕ್ಕೆ ಹಗ್ಗ ಹಾಕಿ ಮರಕ್ಕೆ ಕಟ್ಟಿದ್ದಾರೆ. ಎರಡೂ ಕಣ್ಣು ಊದಿ ಕೀವು ಕಟ್ಟಿ ನೊಣ ಮುತ್ತಿವೆ. ಕೂಗಿದರೆ ಸುತ್ತ ಯಾರೂ ಇಲ್ಲ. ಅಧಿಕಾರಿ ಮಗುವನ್ನು ಬಿಚ್ಚಿ, ಪಕ್ಕದ ತೋಟದಲ್ಲಿ ಕಾಯಿ ಸುಲಿಯುತ್ತಿದ್ದವನಿಗೆ ವಿಷಯ ತಿಳಿಸಿ, ಮಗುವನ್ನು ಆಸ್ಪತ್ರೆಗೆ ಕರೆದೊಯ್ದು, ನಂತರ ಬಾಲಮಂದಿರಕ್ಕೆ ಸೇರಿಸಿದ್ದಾರೆ. ತಾಯಿ ಕುರಿಮಂದೆಯ ಜೊತೆ ತಿರುಗುವವಳು, ವಿಧವೆ. ನೋಟೀಸಿಗೆ ಉತ್ತರ ಬಂದಿಲ್ಲ. ಮುಂದಿನ ವಾಯಿದೆಗೂ ಬರದಿದ್ದರೆ ಆಕೆಯ ಗೈರುಹಾಜರಿಯಲ್ಲೇ ಆಜ್ಞೆ: ಮಗುವಿಗೆ ಹದಿನೆಂಟು ತುಂಬುವವರೆಗೆ ಬಾಲಮಂದಿರ.

ಕಾಯ್ದೆಯ ಪ್ರಕಾರ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ನಾನು ಹುಡುಕಿದೆ, ಸಿಗಲಿಲ್ಲ. ಮಧ್ಯಾಹ್ನ ಬಾಲಮಂದಿರಕ್ಕೂ ಹೋದೆ. ಮೇಲ್ವಿಚಾರಕಿ ಮಗುವನ್ನು ದೂರದಿಂದ ತೋರಿಸಿದರು. ಕಣ್ಣು ವಾಸಿಯಾಗಿತ್ತು. ಬೋಳಿಸಿದ ತಲೆ, ಅಳತೆಗೆ ದೊಡ್ಡದಾದ ಲಂಗ. ಗೋಡೆಗೆ ಬೆನ್ನು ಕೊಟ್ಟು ನಿಂತಿತ್ತು. “ಮಾತೇ ಆಡಲ್ಲ ಮೇಡಂ. ಮಂಚದ ಮೇಲೆ ಮಲಗಿಸಿದ್ರೆ ಇಳಿದು ಮಂಚದ ಕೆಳಗೆ ಮಲಗುತ್ತೆ” ಎಂದರು. ನನ್ನ ಟಿಪ್ಪಣಿಗೆ ಇದು ಬೇಕಿರಲಿಲ್ಲ. ಬರೆದುಕೊಳ್ಳಲಿಲ್ಲ.

ಮರುದಿನ ಬಿಳಿಗೆರೆಗೆ ಹೊರಟೆ. ಯಾಕೆ ಹೊರಟೆ ಎಂದು ಆಮೇಲೆ ಬಹಳ ಜನ ಕೇಳಿದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೇಳಿದ್ದೇನೆ. ಮರ ನೋಡಬೇಕು ಅನಿಸಿತ್ತು ಎನ್ನುವುದೇ ಸತ್ಯಕ್ಕೆ ಹತ್ತಿರ ಇರಬಹುದು.

*

ತೋಟದ ಯಜಮಾನರು ಎಲೆ ಅಡಿಕೆ ಹಾಕಿಕೊಂಡು ಪಂಪ್‌ಹೌಸಿನ ಮುಂದೆ ಕೂತಿದ್ದರು. ನಾನು ಯಾರೆಂದು ಹೇಳಿದೆ. ಕೋರ್ಟು ಎಂಬ ಒಂದು ಮಾತನ್ನು ಮಾತ್ರ ಹಿಡಿದುಕೊಂಡು ಎದ್ದು ನಿಂತರು.

“ನೋಡ್ರೀ ಮೇಡಮ್ಮೋರೆ, ಆ ಮರಕ್ಕೆ ನೋಟೀಸ್ ಅಂಟಿಸಿದ್ರಲ್ಲ, ನಾನೇ ಪಂಚ. ‘ಏನಪ್ಪಾ, ಕಾಯಿ ಜಾಸ್ತಿ ಬುಡು ಅಂತ ಮರಕ್ಕೆ ಆರ್ಡರ್ ಮಾಡವ್ರಾ?’ ಅಂದೆ. ‘ಸುಮ್ನೆ ಸೈನ್ ಹಾಕಿ ಯಜಮಾನ್ರೆ, ನಂಗೆ ಬಸ್ಸು ತಪ್ಪೋಯ್ತದೆ’ ಅಂದ ಅಮೀನ. ಹಾಕ್ದೆ. ಅದ್ರಾಗೆ ಏನಾರ ತೊಂದ್ರೆ ಆಯ್ತಾ?”

ತೊಂದರೆಯಿಲ್ಲ ಎಂದೆ. ನೋಟೀಸು ಇನ್ನೂ ಮರದ ಮೇಲಿತ್ತು. ಕೆಳಗಿನ ಅರ್ಧ ಹರಿದಿತ್ತು. ಮೈದಾ ಅಂಟಿನ ವಾಸನೆಗೆ ಇರುವೆಗಳು ಸಾಲುಗಟ್ಟಿ ಕಾಗದದ ಹಿಂದಕ್ಕೆ ಹೋಗಿ ಬರುತ್ತಿದ್ದವು. ಮರದಿಂದ ಸ್ವಲ್ಪ ದೂರದಲ್ಲೇ ಬಾವಿ. ಕಟ್ಟೆ ಇರಲಿಲ್ಲ. ಕಳೆಯ ನಡುವೆ ನೆಲಕ್ಕೆ ಸಮವಾಗಿ ಬಾಯಿ ತೆರೆದುಕೊಂಡಿತ್ತು. ಯಜಮಾನರು ತೋಳು ಹಿಡಿದು ನಿಲ್ಲಿಸದಿದ್ದರೆ ನಾನು ಇನ್ನೂ ಮುಂದಕ್ಕೆ ಹೋಗುತ್ತಿದ್ದೆ.

“ಅದಕ್ಕೇಯ ಕಟ್ಟಾಕೋದು” ಎಂದರು. “ತೋಟಕ್ಕೆ ಮಂದೆ ನಿಲ್ಲಿಸ್ತೀವಲ್ಲ, ಗೊಬ್ಬರಕ್ಕೆ, ಬಂದೋರೆಲ್ಲ ಹಂಗೇ ಮಾಡ್ತಾರೆ. ಸಣ್ ಕೂಸು ಇದ್ರೆ ಮರಕ್ಕೊಂದು ಹಗ್ಗ. ನಮ್ ಹೆಂಗಸ್ರೂ ಕಾಯಿ ಒಟ್ಟೋವಾಗ ಕಟ್ತಾರೆ. ನನ್ನೂ ಕಟ್ಟಾಕವ್ರೆ ನಮ್ಮವ್ವ.”

ಆಗ ಮನೆಯ ಯಜಮಾನಿ, ಅವರ ಹೆಂಡತಿ, ಎಳನೀರು ಹಿಡಿದು ಬಂದರು. “ಆವತ್ತಿಂದು ಹೇಳಿದ್ರಾ?” ಎಂದು ಗಂಡನನ್ನು ಕೇಳಿದರು.

“ಅದೆಲ್ಲ ಯಾಕೆ ಈಗ.”

“ಯಾಕೆ ಅಂದ್ರೆ? ಬಾವಿ ನಮ್ದು ತಾನೆ?”

ಆಕೆಯೇ ಹೇಳಿದರು. ಮಗುವಿಗೆ ಕಣ್ಣುಬೇನೆ ಬಂದಿತ್ತು. ಬಿಸಿಲಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಹಾಗಾಗಿ ತಾಯಿ ಅದನ್ನು ನೆರಳಲ್ಲಿ ಬಿಟ್ಟು, ತನ್ನ ಅಣ್ಣನ ಜೊತೆ ಕುರಿಗಳಿಗೆ ನೀರು ಕುಡಿಸಲು ಕೆರೆಗೆ ಹೋಗಿದ್ದಳು. ವಾಪಸು ಬಂದರೆ ಹಗ್ಗ ಮರದಲ್ಲಿದೆ, ಮಗು ಇಲ್ಲ. ಕೂಗಾಡಲಿಲ್ಲವಂತೆ. ಬಾವಿಯ ಅಂಚಿನಲ್ಲಿ ಕೂತು ನೀರು ನೋಡತೊಡಗಿದಳಂತೆ. ಊರಿನಿಂದ ಜನ ಬಂದರು. ಬಿಂದಿಗೆ ಎತ್ತುವ ಪಾತಾಳಗರಡಿಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಹಳೆಯ ಕೊಡ ಒಂದು ಬಂತು, ತೆಂಗಿನ ಮಟ್ಟೆ ಬಂತು. ಇಬ್ಬರು ಮುಳುಗಿ ನೋಡಿದರು. ಆಮೇಲೆ ಪಂಪು ಹಾಕಿ ನೀರನ್ನೆಲ್ಲ ಹೊರಗೆ ಹಾಕಿಸಿದರು.

“ಒಂದೊಂದು ಸರ್ತಿ ಗರಡಿ ಮೇಲೆ ಬಂದಾಗ್ಲೂ ಅವ್ಳು ಕಣ್ ಮುಚ್ಕೊಳ್ಳೋಳು ಕಣಮ್ಮ. ಮಟ್ಟೆ ಅಂತ ಗೊತ್ತಾದ್ ಮೇಲೆ ಬಿಡೋಳು.”

ಪಕ್ಕದ ತೋಟದಲ್ಲಿ ಕಾಯಿ ಸುಲಿಯುತ್ತಿದ್ದವನು ಕೆಲಸ ಮುಗಿಸಿ ಸಂಜೆ ಬಂದ. ಬಾವಿಯ ಸುತ್ತ ಜನ ಕಂಡು ಏನು ವಿಷಯ ಎಂದು ಕೇಳಿದ. ಆಗ, “ಓ ಅದಾ, ಆಪೀಸರು ಎತ್ಕೊಂಡೋದ್ರಲ್ಲ, ನಂಗೆ ಹೇಳೇ ಹೋದ್ರು” ಎಂದ.

ನಾನು ಎಳನೀರು ಕುಡಿದು ಮುಗಿಸಿದೆ. ಚೆನ್ನಾಗಿತ್ತು. ಕಡತದಲ್ಲಿ ಹಗ್ಗ ಎಂದಷ್ಟೇ ಇತ್ತು. ಯಜಮಾನಿ ನಾರಿನ ಹಗ್ಗ ಎಂದರು. ತಾಯಿಯನ್ನು ಮುಂದೆ ಕೇಳಿದಾಗ ತನ್ನ ಹಳೆಯ ಸೀರೆ ಹೊಸೆದು ಮಾಡಿದ್ದು, ಚರ್ಮಕ್ಕೆ ಒತ್ತದ ಹಾಗೆ ಎಂದಳು. ಮೂವರಲ್ಲಿ ಯಾರೂ ಸುಳ್ಳು ಹೇಳುತ್ತಿದ್ದರು ಎಂದು ನನಗೆ ಅನಿಸಲಿಲ್ಲ. ನನ್ನ ಕಣ್ಣಿಗೆ ಈಗ ಕಾಣುವುದು ನೀಲಿ ಬಣ್ಣದ ಪ್ಲಾಸ್ಟಿಕ್ ಹಗ್ಗ. ಅದು ಎಲ್ಲಿಂದ ಬಂತೋ ತಿಳಿಯದು.

ಮಗು ಹೋದ ಮರುದಿನವೇ ತಾಯಿ ಬಾಲಮಂದಿರದ ಗೇಟಿಗೆ ಹೋಗಿದ್ದಳು. ಕೋರ್ಟಿನ ಮೂಲಕ ಬಾ ಎಂದು ಕಳಿಸಿದ್ದರು. ಕೋರ್ಟಿನಲ್ಲಿ, ನೋಟೀಸು ಬರುತ್ತದೆ, ಬಂದ ಮೇಲೆ ಬಾ ಎಂದಿದ್ದರು. ಮಂದೆಗೆ ಬಿಳಿಗೆರೆಯ ತೋಟದಲ್ಲಿ ಮೇವು ಮುಗಿದಿತ್ತು. ನೋಟೀಸು ಬರುವ ಮುಂಚೆ ಮಂದೆ ಎದ್ದಿತ್ತು.

*

ಮಂದೆ ಮುಂದೆ ಹೋಗಿದ್ದ ಹಾಲ್ಕುರಿಕೆಯಲ್ಲಿ ವಿಚಾರಿಸಿದಾಗ ಅವರು ಅಲ್ಲಿಂದಲೂ ಹೊರಟಿದ್ದರು. ತೋಟದಲ್ಲಿ ಕುರಿಹಿಕ್ಕೆ ಇನ್ನೂ ಹಸಿಯಾಗಿತ್ತು. ತುರುವೇಕೆರೆ ಕಡೆ ಎಂದು ಯಾರೋ ಕೈ ತೋರಿಸಿದರು. ದಂಡಿನಶಿವರದ ಆಚೆ, ಒಂದು ತೋಟದ ಬದುವಿನಲ್ಲಿ ಮಂದೆ ಸಿಕ್ಕಿತು.

ಮೊದಲು ಎದುರಾದವನು ತಾಯಿಯ ಅಣ್ಣ. ಕಂಬಳಿ ಕೊಪ್ಪೆ ಹಾಕಿಕೊಂಡು ಕೋಲಿನ ಮೇಲೆ ಗದ್ದ ಊರಿ ನಿಂತಿದ್ದ. ನಾನು ಕೋರ್ಟಿನ ವಿಷಯ ಎತ್ತುತ್ತಲೇ ತಂಗಿಯತ್ತ ತಿರುಗಿ ಕೂಗಿದ: “ಬಂದ್ರು ನೋಡೇ ಕೂಸು ಹಿಡಿಯೋರು!” ನನಗೆ ಹೇಳಿದ: “ಈ ಸರ್ತಿ ಯಾವ್ದು ಒಯ್ತೀರಿ ಅಮ್ಮಾ? ಅಗೋ, ಆ ಟಗರ ಕಟ್ಟಾಕಿದೀನಿ. ಅದ್ಕೂ ಅಪ್ಪ ಇಲ್ಲ, ಮನೆ ಇಲ್ಲ. ಬರ್ಕೊಳ್ಳಿ.”

“ಸುಮ್ಕಿರಣ್ಣ” ಎಂದಳು ತಾಯಿ. ಒಂದು ಮರಿಯ ಬಾಯಿಗೆ ತಾಯಿಕುರಿಯ ಮೊಲೆ ಹಿಡಿಸುತ್ತಿದ್ದಳು, ಕುರಿ ಒದೆಯುತ್ತಿತ್ತು. ಅದನ್ನು ಬಿಡದೆ, ತಲೆಯೆತ್ತದೆ ಕೇಳಿದಳು, “ಕಣ್ಣು ವಾಸಿ ಆಯ್ತಾ?”

“ಆಗಿದೆ. ನೋಡಿ ಬಂದೆ.”

“ಏನ್ ಇಕ್ತಾರೆ ಅಲ್ಲಿ?”

“ಅನ್ನ, ಸಾರು.”

“ಮುದ್ದೆ?”

ಗೊತ್ತಿಲ್ಲ ಎಂದೆ. ಆಕೆ ಮರಿಯನ್ನು ಬಿಡಿಸಿಕೊಂಡು ದೊಡ್ಡ ಬುಟ್ಟಿಯ ಕೆಳಗೆ ಮುಚ್ಚಿದಳು. ಮಗುವಿನ ವಯಸ್ಸು ಕೇಳಿದೆ. “ಬಿಳಿಗೆರೆ ತೋಟಕ್ಕೆ ಮೊದಲ್ನೇ ಸರ್ತಿ ಬಂದಾಗ ತೆವಳ್ತಿತ್ತು. ಆಮೇಲೆ ಬಂದಾಗ ಓಡಾಡ್ತಿತ್ತು. ನೀವೇ ಲೆಕ್ಕ ಹಾಕ್ಕಳ್ಳಿ” ಎಂದಳು.

ಕೈಹಾಕಬಾರದು ಎಂಬ ನಿಬಂಧನೆ ನನಗೆ ಮರೆತಿರಲಿಲ್ಲ. ವಾಯಿದೆಯ ದಿನ ಯಾವುದು ಎಂದು ಒಬ್ಬ ತಾಯಿಗೆ ತಿಳಿಸುವುದು ಕೈಹಾಕುವುದೇ ಎಂದು ಯೋಚಿಸಿದೆ. ಕಾನೂನು ಓದಿದವರು ಇಂಥದ್ದನ್ನು ಎರಡೂ ಕಡೆಯಿಂದ ವಾದಿಸಬಲ್ಲರು. ತಿಳಿಸಿದೆ. ಸೋಮವಾರ, ತಿಪಟೂರಿಗೆ ಬಂದು ಯಾವ ಬಸ್ಸು ಹಿಡಿಯಬೇಕು ಎಂದೂ ಹೇಳಿದೆ.

“ನೀ ಹೋಗು. ಮಂದೆ ನಿಂತ್ಕಳಾಕಾಗಲ್ಲ, ಅಷ್ಟೇ” ಎಂದ ಅಣ್ಣ. ತಮಾಷೆ ಮಾಡುತ್ತಿರಲಿಲ್ಲ. ಒಬ್ಬನೇ ಅಷ್ಟು ಕುರಿ ನೋಡಿಕೊಳ್ಳಲು ಆಗುವುದಿಲ್ಲ. ತೋಟದವರಿಗೆ ಕೊಟ್ಟ ಮಾತಿಗೆ ಸರಿಯಾಗಿ ಮಂದೆ ಏಳದಿದ್ದರೆ ಮುಂದಿನ ತೋಟ ಬೇರೆಯವರಿಗೆ ಹೋಗುತ್ತದೆ. ಇದನ್ನೂ ನನಗೆ ವಿವರಿಸಿದ, ಸಾಕಷ್ಟು ತಾಳ್ಮೆಯಿಂದ.

*

ಸೋಮವಾರ ತಾಯಿ ಬಂದಳು. ಮ್ಯಾಜಿಸ್ಟ್ರೇಟರು ರಜೆಯಲ್ಲಿದ್ದರು. ವಾಯಿದೆ ಮುಂದಕ್ಕೆ ಹೋಯಿತು.

ಆ ಹೊತ್ತಿಗೆ ಮೇಲ್ವಿಚಾರಕಿ ಮಕ್ಕಳನ್ನು ಕರೆತಂದಾಗಿತ್ತು. ಆಜ್ಞೆಯಿಲ್ಲದೆ ಭೇಟಿ ಮಾಡಿಸುವಂತಿರಲಿಲ್ಲ. ಮಕ್ಕಳ ಸಾಲು ಮೊಗಸಾಲೆಯಲ್ಲಿ ನಮ್ಮ ಎದುರಿನಿಂದಲೇ ಹಾದುಹೋಯಿತು. ಈ ಭಾಗವನ್ನು ಹೇಳುವಾಗಲೆಲ್ಲ, ಮಗು ‘ಅವ್ವಾ’ ಎಂದು ಕೂಗಿತು ಎಂದು ಹೇಳಿದ್ದೇನೆ. ಕೇಳುವವರು ಅಲ್ಲಿ ಅದನ್ನು ನಿರೀಕ್ಷಿಸುತ್ತಾರೆ. ಕೂಗಿರಲಿಲ್ಲ. ತಾಯಿಯ ಕಡೆ ನೋಡಿತು, ಸಾಲು ಮುಂದೆ ಹೋಯಿತು, ಸಾಲಿನ ಜೊತೆ ಅದೂ ಹೋಯಿತು. ತಾಯಿ, “ಕೂದ್ಲು ತೆಗ್ಸವ್ರೆ” ಎಂದಳು.

ಎರಡನೆಯ ವಾಯಿದೆಗೂ ಬಂದಳು. ಈ ನಡುವೆ ಪ್ರೊಬೇಷನ್ ಅಧಿಕಾರಿ ಹುಳಿಯಾರಿನ ಹತ್ತಿರದ ಅವಳ ಹಟ್ಟಿಗೆ ಹೋಗಿ ನೋಡಿ ಬಂದಿದ್ದರು. ಅವರು ಒಳ್ಳೆಯ ಮನುಷ್ಯ. ಇನ್ನೂ ಚಿಕ್ಕ ವಯಸ್ಸು. ಬಾವಿಯ ವಿಷಯ ನಾನೇ ಅವರಿಗೆ ಹೇಳಿದೆ. “ನಾನು ಬಿಟ್ಟು ಬಂದಿದ್ದರೆ, ಆ ಮಗು ಅವತ್ತೇ ಬಾವಿಗೆ ಬಿದ್ದಿದ್ದರೆ, ಮೇಡಂ?” ಎಂದರು. 

ಮಕ್ಕಳ ನ್ಯಾಯಾಲಯದಲ್ಲಿ ವಕೀಲರು ವಾದಿಸುವ ರೂಢಿಯಿಲ್ಲ. ತಾಯಿಯ ಪರವಾಗಿ ಬಾಯಿ ತೆರೆಯಲು ನನಗೆ ಅಧಿಕಾರವಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತೆ. ಮ್ಯಾಜಿಸ್ಟ್ರೇಟರು ಮೆತ್ತಗೆ ಕೇಳಿದರು.

“ಮನೆ ಎಲ್ಲಮ್ಮ?”

“ಹುಳಿಯಾರ್ ತಾವ ಹಟ್ಟಿ, ಬುದ್ಧಿ.”

“ಅಲ್ಲಿ ಮನೆ ಇದೆಯಾ?”

“ಇತ್ತು. ಸೂರು ಕುಂತೋಗೈತೆ.”

ಅಧಿಕಾರಿ ತಲೆಯಾಡಿಸಿದರು. ಗೋಡೆ ಮಾತ್ರ ಇದೆ, ಹಟ್ಟಿಯವರು ಆಕೆ ತಮ್ಮವಳೆಂದು ಒಪ್ಪುತ್ತಾರೆ ಎಂದರು.

“ಈಗ ಎಲ್ಲಿರ್ತೀಯ?”

“ಕುರಿ ಇದ್ದ ತಾವ.”

“ರಾತ್ರಿ ಹೊತ್ತು?”

“ಕುರಿ ಇದ್ದ ತಾವ್ಲೇ.”

“ಮಳೆ ಬಂದ್ರೆ?”

ಆಕೆ ಸ್ವಲ್ಪ ಯೋಚಿಸಿದಳು. ಸರಿಯಾದ ಉತ್ತರ ಯಾವುದು ಎಂದು ಹುಡುಕುತ್ತಿದ್ದಾಳೆ ಎಂದು ನನಗೆ ಅನಿಸಿತು. ನಿಜ ನೆನಪಿಸಿಕೊಳ್ಳುತ್ತಿದ್ದಳೋ ಏನೋ.

“ನೆನೀತೀವಿ” ಎಂದಳು.

ಗುಮಾಸ್ತ ಅದನ್ನು ಬರೆದುಕೊಂಡ. ಲೇಖನಿಯ ಸದ್ದು ಕೇಳಿಸಿತು ಎಂದು ಬರೆಯಬಹುದು. ಫ್ಯಾನು ತಿರುಗುತ್ತಿತ್ತು, ಕೇಳಿಸಿರಲಾರದು.

ಮ್ಯಾಜಿಸ್ಟ್ರೇಟರು ನನ್ನನ್ನು ತಮ್ಮ ಕೊಠಡಿಗೆ ಕರೆಸಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ನೀವು ಪಾಠ ಹೇಳೋರು. ಇದರಲ್ಲಿ ದಾರಿ ಇದ್ದರೆ ನೀವೇ ಹೇಳಿ” ಎಂದರು. ಒಂದು ದಾರಿ ಇತ್ತು, ಅವರಿಗೂ ಗೊತ್ತಿತ್ತು. ಮಗುವನ್ನು ಬಾಲಮಂದಿರದ ಬದಲು ‘ಯೋಗ್ಯ ವ್ಯಕ್ತಿ’ಯೊಬ್ಬರಿಗೆ ಒಪ್ಪಿಸಬಹುದು. ಯೋಗ್ಯ ವ್ಯಕ್ತಿ ನ್ಯಾಯಾಲಯಕ್ಕೆ ಮುಚ್ಚಳಿಕೆ ಬರೆದುಕೊಡಬೇಕು, ಅವರಿಗೆ ಮನೆ ಇರಬೇಕು. “ಆ ಕಡೆ ಯಾರಾದರೂ ಮನೆಯಿರೋರು ಮುಂದೆ ಬಂದರೆ ನನಗೆ ಅಡ್ಡಿಯಿಲ್ಲ. ಒಂದು ವಾರ ಕೊಡ್ತೀನಿ.”

*

ಬಿಳಿಗೆರೆಯ ಯಜಮಾನರ ಮನೆಗೆ ಹೋದೆ. ನನ್ನ ಯೋಜನೆ ಸರಳವಾಗಿತ್ತು. ಮಗು ಅವರ ಹೆಸರಿಗೆ ಬಂದರೆ, ಮಂದೆ ಈ ಭಾಗದಲ್ಲಿದ್ದಾಗ ತಾಯಿಯ ಜೊತೆ ಇರಬಹುದು, ಉಳಿದ ಹೊತ್ತು ಈ ಮನೆಯಲ್ಲಿ ಬೆಳೆಯಬಹುದು. ಯಜಮಾನರು ಕೊನೆಯವರೆಗೂ ಕೇಳಿದರು.

“ಕೋರ್ಟ್ನಾಗೆ ಬರ್ಕೊಟ್ರೆ ಅದು ದತ್ತು ತಗಂಡಂಗೆ ಅಲ್ವೇನಮ್ಮಾ?”

“ಅಲ್ಲ. ಆಸ್ತಿಗೂ ಇದಕ್ಕೂ ಸಂಬಂಧ ಇಲ್ಲ. ಬೆಳೆಸೋದು ಮಾತ್ರ.”

“ನೀವು ಹಂಗಂತೀರಿ. ನಾಳೆ ಇನ್ನೊಬ್ಬ ಲಾಯ್ರಿ ಬಂದು ಇನ್ನೊಂದು ಅಂತಾನೆ. ಎಷ್ಟು ನೋಡಿಲ್ಲ ನಾವು.”

ಒಳಗಿನಿಂದ ಯಜಮಾನಿ ಬಂದರು. “ಅಟ್ಟದ ಮೇಲೆ ಕೊಬ್ಬರಿ ತಿನ್ನೋ ಇಲಿಗೆ ಜಾಗ ಐತೆ ಈ ಮನೇಲಿ. ಒಂದು ಕೂಸಿಗಿಲ್ಲ.”

“ನೀ ಒಳೀಕ್ ಹೋಗೇ.”

“ಹೋಯ್ತೀನಿ. ಬಾವಿ ತೋಡ್ಸಿದಾಗ್ಲೇ ಕಟ್ಟೆ ಕಟ್ಸಿ ಅಂದೆ. ಆಗ್ಲೂ ಒಳೀಕ್ ಹೋಗು ಅಂದ್ರಿ.”

“ಮಕ್ಳು ಇಬ್ರು ಎದೆಮಟ್ಟ ಬೆಳ್ದವ್ರೆ ಕಣೇ. ನಾಳೆ ಮರ ಪಾಲು ಮಾಡ್ಕಳೋವಾಗ ಇದೊಂದು ಎಲ್ಲಿಂದ ಬಂತು ಅಂತ ಕೇಳಿದ್ರೆ ನೀ ಉತ್ತರ ಕೊಡ್ತೀಯಾ?” ನನ್ನ ಕಡೆ ತಿರುಗಿ ಧ್ವನಿ ಇಳಿಸಿದರು. “ಅನ್ನ ಇಕ್ಕಾಕೆ ಬೇಜಾರಿಲ್ಲ ಕಣ್ರೀ. ಇಟ್ಕಳಿ ಅಂದ್ರೆ ಹಂಗೇ ಇಟ್ಕತೀವಿ, ಎಷ್ಟ್ ದಿನ ಆದ್ರೂ. ಸೈನ್ ಮಾತ್ರ ಬ್ಯಾಡ.”

ಅವರು ಮರದ ನೋಟೀಸಿಗೆ ಯೋಚಿಸದೆ ಸಹಿ ಹಾಕಿದವರು. ಈಗ ಕಲಿತಿದ್ದರು. ನಾನು ಇನ್ನೊಮ್ಮೆ ಒತ್ತಾಯಿಸಲಿಲ್ಲ. ಯಜಮಾನಿ ಕೊಬ್ಬರಿ ಬಟ್ಟಲು ಎರಡನ್ನು ಕಾಗದದಲ್ಲಿ ಸುತ್ತಿ ನನ್ನ ಚೀಲದಲ್ಲಿಟ್ಟರು.

ತೀರ್ಮಾನ ಎಂದ ಮೇಲೆ ಒಂದು ಕ್ಷಣ ಇರಬೇಕು, ಇಂಥ ಬರಹಗಳಲ್ಲಿ ಅದನ್ನು ಬರೆಯುತ್ತಾರೆ. ನನ್ನ ಬಳಿ ಆ ಕ್ಷಣ ಇಲ್ಲ. ಬಿಳಿಗೆರೆಯಲ್ಲಿ ಬಸ್ಸು ಹತ್ತುವಾಗ ನಾನು ಟಿಪ್ಪಣಿ ಬರೆಯುವ ಅಧ್ಯಾಪಕಿ. ತಿಪಟೂರಿನಲ್ಲಿ ಇಳಿಯುವಾಗ ಅರ್ಜಿಯ ಒಕ್ಕಣೆ ತಲೆಯಲ್ಲಿ ಸಿದ್ಧವಿತ್ತು: ಅರ್ಜಿದಾರಳು ಅವಿವಾಹಿತೆ, ಬೆಂಗಳೂರಿನಲ್ಲಿ ಮನೆಯುಳ್ಳವಳು, ಖಾಯಂ ಉದ್ಯೋಗದಲ್ಲಿರುವವಳು. ನಡುವೆ ಏನು ನಡೆಯಿತೆಂದರೆ, ಬಸ್ಸು ತೋಟಗಳ ನಡುವೆ ಓಡಿತು. ಅಷ್ಟೇ. ದಯೆ ಅನಿಸಲಿಲ್ಲ. ಆ ಮಗುವನ್ನು ಸಾಕುವ ಆಸೆ ನನಗೆ ಆಗಲೂ ಇರಲಿಲ್ಲ, ಆಮೇಲೂ ಬರಲಿಲ್ಲ.

ನಾನು ನೆಚ್ಚಿಕೊಂಡದ್ದು ಕಾಯ್ದೆಯ ಒಂದು ಮಾತನ್ನು. ಯೋಗ್ಯ ವ್ಯಕ್ತಿಗೆ ಮಗುವಿನ ಮೇಲೆ ಹೆತ್ತವರಿಗಿರುವ ಹಿಡಿತವೇ ಇರುತ್ತದೆ. ಹೆತ್ತವರು ಮಗುವನ್ನು ಅಜ್ಜಿಯ ಮನೆಗೆ ಕಳಿಸುತ್ತಾರೆ, ಚಿಕ್ಕಮ್ಮನ ಜೊತೆ ಬಿಡುತ್ತಾರೆ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಹಾಗಾದರೆ ಆ ಹಿಡಿತ ನನಗೆ ಬಂದ ಮೇಲೆ ನಾನು ಮಗುವನ್ನು ಅದರ ತಾಯಿಯ ಜೊತೆ ಕಳಿಸಬಹುದು. ಇದು ಕಾಯ್ದೆಯ ಅರ್ಥವೋ ಕಾಯ್ದೆಯಲ್ಲಿನ ಸಂದಿಯೋ ಎಂದು ವಿದ್ಯಾರ್ಥಿಯೊಬ್ಬ ಕೇಳಿದ್ದರೆ, ಒಂದು ಗಂಟೆ ಚರ್ಚೆ ಮಾಡಿಸಿ ತೀರ್ಪು ಹೇಳದೆ ಎದ್ದು ಹೋಗುತ್ತಿದ್ದೆ.

ಅರ್ಜಿ ಹಾಕಿದರೆ ನಾನು ಪ್ರಕರಣದ ಕಕ್ಷಿಯಾಗುತ್ತೇನೆ. ಅಲ್ಲಿಗೆ ಅಧ್ಯಯನ ಮುಗಿದಂತೆ. ಇಲಾಖೆಗೆ ನಾನೇ ಕಾಗದ ಬರೆದು ತಿಳಿಸಿದೆ. ಕಡತಗಳನ್ನು ಹಿಂದಿರುಗಿಸಿ ಎಂಬ ಉತ್ತರ ಬೇಗ ಬಂತು. ‘ಸ್ಥಿರವಾದ ವಾಸಸ್ಥಳ’ ಎಂಬ ಮಾತನ್ನು ತಿದ್ದಬೇಕೆಂದು, ಮಂದೆಯ ಜೊತೆ ಊರೂರು ಹೋಗುವವರ ಮಕ್ಕಳಿಗೆ ಮಂದೆಯನ್ನೇ ಮನೆಯೆಂದು ಎಣಿಸಬೇಕೆಂದು ನಾನು ಬರೆಯಬೇಕೆಂದಿದ್ದ ಪುಟಗಳು ಬರೆಯದೆ ಉಳಿದವು. ಟಿಪ್ಪಣಿಯನ್ನು ಬೇರೆಯವರು ಬರೆದರು. ಬಡತನದ ಕಾರಣಕ್ಕೆ ಬಾಲಮಂದಿರ ಸೇರಿದ್ದ ಬೇರೆ ಮಕ್ಕಳ ಕಡತಗಳೂ ಆ ಕಟ್ಟಿನಲ್ಲಿದ್ದವು. ಅವೂ ಹೋದವು. ಒಂದು ಮಗುವಿಗಾಗಿ ಅಷ್ಟನ್ನು ಬಿಟ್ಟದ್ದು ಸರಿಯೇ ಎಂದು ಈಗಲೂ ಹೇಳಲಾರೆ.

*

ವಿಚಾರಣೆಯ ದಿನ ಮ್ಯಾಜಿಸ್ಟ್ರೇಟರು ನನ್ನ ಅರ್ಜಿಯನ್ನು ಎರಡು ಸಲ ಓದಿದರು.

“ಮಗು ಎಲ್ಲಿರುತ್ತೆ?”

“ನನ್ನ ಜವಾಬ್ದಾರಿಯಲ್ಲಿ ಇರುತ್ತೆ.”

ಅವರು ನನ್ನ ಮುಖ ನೋಡಿದರು. ನಾನು ಕೇಳಿದ್ದಕ್ಕೆ ಉತ್ತರ ಕೊಟ್ಟಿಲ್ಲ ಎಂಬುದು ಅವರಿಗೆ ತಿಳಿಯದೆ ಇರಲು ಸಾಧ್ಯವಿಲ್ಲ. ಇನ್ನೊಂದು ಪ್ರಶ್ನೆ ಕೇಳಬಹುದಿತ್ತು. ಕೇಳಲಿಲ್ಲ. ಸಹಿ ಹಾಕಿದರು. ನಾನು ಮುಚ್ಚಳಿಕೆಗೆ ಸಹಿ ಹಾಕಿದೆ. ಹೊರಗೆ ಬರುವಾಗ ಪ್ರೊಬೇಷನ್ ಅಧಿಕಾರಿ ಜೊತೆಗೆ ನಡೆದು ಬಂದು, “ಆಗಾಗ ನಾನು ನಿಮ್ಮನ್ನ ಬಂದು ಕಾಣಬೇಕಾಗುತ್ತೆ, ಮೇಡಂ” ಎಂದರು.

“ಬನ್ನಿ.”

“ಮಗು ಎಲ್ಲಿದೆ ಅಂತ ಕೇಳಬೇಕಾಗುತ್ತೆ.”

“ಕೇಳಿ. ನನಗೆ ಗೊತ್ತಿದ್ದರೆ ಹೇಳ್ತೀನಿ. ಸುಳ್ಳು ಹೇಳೋದಿಲ್ಲ.”

ಅವರು ಹೊರಟುಹೋದರು.

ಮೇಲ್ವಿಚಾರಕಿ ಮಗುವನ್ನು ತಂದು ಅದರ ಕೈಯನ್ನು ನನ್ನ ಕೈಗೆ ಕೊಟ್ಟು ಪುಸ್ತಕದಲ್ಲಿ ಸಹಿ ತೆಗೆದುಕೊಂಡರು. ಸಣ್ಣ ಕೈ, ಬೆವರಿತ್ತು. ಮೊಗಸಾಲೆಯ ಆ ತುದಿಯಲ್ಲಿ ತಾಯಿ ಕೂತಿದ್ದಳು. ಅಲ್ಲಿಯವರೆಗೆ ಮಗುವನ್ನು ನಡೆಸಿಕೊಂಡು ಹೋಗಿ ಅವಳ ಮುಂದೆ ನಿಲ್ಲಿಸಿದೆ. ತಾಯಿ ಎದ್ದು ಅಪ್ಪಿಕೊಳ್ಳಲಿಲ್ಲ. ಮಗುವಿನ ರೆಪ್ಪೆಗಳನ್ನು ಹೆಬ್ಬೆರಳಿನಿಂದ ಎತ್ತಿ ಒಂದೊಂದೇ ಕಣ್ಣು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ಎಷ್ಟ್ ದಿನಕ್ಕೆ ಕೊಡ್ತೀರಿ?”

ವಿವರಿಸಿದೆ. ಕಾಗದದಲ್ಲಿ ಮಗು ನನ್ನ ಹೆಸರಿಗಿದೆ, ಆದರೆ ನಿನ್ನ ಜೊತೆಯೇ ಇರಬಹುದು, ಕರೆದುಕೊಂಡು ಹೋಗು. ಆಕೆ ಕಾಗದದ ಮಾತು ಬಂದಾಗ ಮಾತ್ರ ಗಮನವಿಟ್ಟು ಕೇಳಿದಳು.

“ನಿಮ್ ಹೆಸ್ರಿಗೆ.”

“ಹೌದು.”

“ವಾಪಸ್ ಯಾವಾಗ ಕೇಳ್ತೀರಿ?”

“ಕೇಳೋದಿಲ್ಲ.”

“ಹಂಗಂತ ಬರ್ಕೊಡಿ ಮತ್ತೆ.”

ನನ್ನ ಚೀಲದಲ್ಲಿ ಕಾಗದವಿತ್ತು, ಲೇಖನಿಯಿತ್ತು. ಮಗುವನ್ನು ಹಿಂದಕ್ಕೆ ಕೇಳುವುದಿಲ್ಲ ಎಂದು ನಾನು ಒಂದು ಸಾಲು ಬರೆದರೆ, ಆಗ ತಾನೇ ಬರೆದುಕೊಟ್ಟ ಮುಚ್ಚಳಿಕೆಯನ್ನು ಕೈಯಾರೆ ಮುರಿದಂತೆ. ಆ ಸಾಲು ಯಾರ ಕೈಗಾದರೂ ಸಿಕ್ಕರೆ ಆಜ್ಞೆ ರದ್ದಾಗುತ್ತದೆ, ಮಗು ಮತ್ತೆ ಬಾಲಮಂದಿರಕ್ಕೆ ಹೋಗುತ್ತದೆ. ಇದನ್ನು ಅವಳಿಗೆ ಅರ್ಥವಾಗುವಂತೆ ಹೇಳಲು ಪ್ರಯತ್ನಿಸಿದೆ. ಸಾಕಷ್ಟು ಸ್ಪಷ್ಟವಾಗಿಯೇ ಹೇಳಿದೆ ಎಂದುಕೊಂಡಿದ್ದೇನೆ.

“ಬರ್ಯಾಕಾಗಲ್ಲ ಅಂದ್ರೆ ಕೇಳ್ತೀರಿ ಅಂತ್ಲೇ” ಎಂದಳು. ಸಿಟ್ಟಿರಲಿಲ್ಲ. ಮಗುವನ್ನು ಸೊಂಟಕ್ಕೆ ಎತ್ತಿಕೊಂಡು, ಸೆರಗು ಹೊದಿಸಿ ಬಸ್ ನಿಲ್ದಾಣದ ಕಡೆ ಹೊರಟಳು. ಮಗು ಅವಳ ಹೆಗಲ ಮೇಲಿಂದ ನನ್ನನ್ನು ನೋಡುತ್ತಿತ್ತು ಎಂದು ನೆನಪು. ಸೆರಗು ಹೊದಿಸಿದ್ದರೆ ನೋಡಲು ಆಗುತ್ತಿರಲಿಲ್ಲ. ಎರಡರಲ್ಲಿ ಒಂದು ತಪ್ಪು.

ಮುಂದಿನ ವರ್ಷ ತೋಟಗಳಿಗೆ ಮಂದೆ ಬರುವ ಕಾಲಕ್ಕೆ ಬಿಳಿಗೆರೆಗೆ ಹೋದೆ. ಮಗುವನ್ನು ನೋಡಬೇಕಿತ್ತು; ಅಧಿಕಾರಿಗೆ ಏನಾದರೂ ಹೇಳಬೇಕಿತ್ತು. ತೋಟದಲ್ಲಿ ಕುರಿಗಳಿದ್ದವು. ಆದರೆ ಕುರಿಯವರು ಬೇರೆ.

“ಅವ್ರು ಈ ದಾರಿ ಬಿಟ್ರು ಕಣಮ್ಮ” ಎಂದರು ಯಜಮಾನರು. “ಅಣ್ಣ ಒಬ್ನೇ ಬಂದು ಹೇಳೋದ, ಬೇರೆಯೋರ್ಗೆ ಕೊಡಿ ತೋಟ ಅಂತ. ವರ್ಷಗಟ್ಲೆ ಬರ್ತಿದ್ದೋರು. ಯಾಕ್ಲಾ ಅಂದೆ. ಇತ್ಲಾಗೆ ಬಂದ್ರೆ ಆ ಮೇಡಮ್ಮು ಕೂಸು ವಾಪಸ್ ಕೇಳ್ತಾರಂತೆ, ತಂಗಿ ಒಲ್ಲೆ ಅಂತಾಳೆ ಅಂದ.”

“ನಾನು ಕೇಳೋದಿಲ್ಲ. ಅವತ್ತೇ ಹೇಳಿದ್ದೆ.”

“ನನಗ್ ಹೇಳಿದ್ರೆ ಏನ್ ಬಂತು? ಅವ್ಳಿಗೆ ಹೇಳಿ. ಹೋಗಿರೋ ಸೀಮೆ ನಂಗೊತ್ತು, ಅದೇ ಆ ಕಡೆ—”

ಅಧಿಕಾರಿ ಬಂದು ಕೇಳುತ್ತಾರೆ ಎಂಬುದು ನೆನಪಾಯಿತು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಅವರು ಇನ್ನೂ ಕೈ ಎತ್ತಿ ದಿಕ್ಕು ತೋರಿಸುತ್ತಿದ್ದರು. ಆ ಕಡೆ ನೋಡದೆ ರಸ್ತೆಗೆ ನಡೆದೆ. ಬಸ್ಸು ಬರಲು ಇನ್ನೂ ಬಹಳ ಹೊತ್ತಿತ್ತು.